ಹ್ಯಾಟಿನೊಳಗಿನ ಬೆಳ್ಳುಳ್ಳಿ

ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಇರುವುದು ಹ್ಯಾಟಿನಲ್ಲಿ. ಅಡುಗೆಮನೆಯ ಕಿಟಕಿಯ ಪಕ್ಕದ ಮೊಳೆಗೆ ಅದನ್ನು ಅಂಗಾತ ನೇತುಹಾಕಿದ್ದೇನೆ. ಗದ್ದಕ್ಕೆ ಬಿಗಿಯುವ ಚರ್ಮದ ಪಟ್ಟಿಯೇ ಈಗ ಅದರ ಹಿಡಿಕೆ. ತಲೆಗೆ ಗಾಳಿಯಾಡಲೆಂದು ನೆತ್ತಿಯಲ್ಲಿ ತೂತು ಬಿಟ್ಟಿರುವುದರಿಂದ ಬೆಳ್ಳುಳ್ಳಿ ಮೆತ್ತಗಾಗುವುದಿಲ್ಲ, ಮೊಳಕೆಯೊಡೆಯುವುದಿಲ್ಲ. ಬ್ರಿಟಿಷರು ಈ ದೇಶಕ್ಕೆ ಮಾಡಿದ ಉಪಕಾರಗಳನ್ನು ಯಾರಾದರೂ ಪಟ್ಟಿ ಮಾಡುವುದಾದರೆ ಇದೊಂದನ್ನೂ ಸೇರಿಸಿಕೊಳ್ಳಬೇಕೆಂದು ನನ್ನ ವಿನಂತಿ. ಅಂದಹಾಗೆ, ಅದರೊಳಗೆ ಮೊದಲ ಸಲ ಬೆಳ್ಳುಳ್ಳಿ ಸುರಿದವಳು ನಾನಲ್ಲ. ಆಕೆಯ ವಿಷಯ ಆಮೇಲೆ ಬರುತ್ತದೆ.

ಹಾವೇರಿಯ ಈ ಮನೆಗೆ ಮೊದಲ ಸಲ ಬಂದವರು ಚಹಾ ಕುಡಿಯುತ್ತ ಕುಡಿಯುತ್ತ ಹ್ಯಾಟನ್ನೇ ನೋಡುತ್ತಿರುತ್ತಾರೆ. ಕೇಳಲು ಸಂಕೋಚ. ಮೊನ್ನೆ ಎದುರು ಮನೆಗೆ ಹೊಸದಾಗಿ ಬಂದ ಸುವರ್ಣಾ ಮಾತ್ರ ತಡೆಯಲಾರದೆ ಕೇಳಿಯೇಬಿಟ್ಟಳು.

"ಅಕ್ಕಾರ, ಅದು ಹಿಂದಿನ ಸಾಹೇಬ್ರು ಹಾಕ್ಕೊಳ್ಳೋ ಟೋಪಿ ಅಲ್ಲೇನ್ರಿ?"

"ಹೌದು. ನಮ್ಮ ಮಾವಂದು."

"ನಿಮ್ಮ ಮಾವಾರು ಸಾಹೇಬ್ರಿದ್ರೇನ್ರಿ?"

"ಬ್ರಿಟಿಷರಾಂವ ಇದ್ದ," ಎಂದೆ. ಪಾಪ, ಆಕೆ ಕಪ್ಪು ಕೆಳಗಿಟ್ಟು ನನ್ನ ಮುಖದ ಬಣ್ಣವನ್ನು ಒಮ್ಮೆ ಚೆನ್ನಾಗಿ ನೋಡಿದಳು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಬ್ರಿಟಿಷರು ಭಾರತ ಬಿಟ್ಟು ಹೋದದ್ದನ್ನು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತೇನೆ, ಪರೀಕ್ಷೆಯಲ್ಲಿ ಕೇಳುತ್ತೇನೆ. ಆದರೆ ಒಬ್ಬ ಮಾತ್ರ ಹೋಗದೆ ಬ್ಯಾಡಗಿಯಲ್ಲೇ ಉಳಿದುಕೊಂಡಿದ್ದ, ಹಗಲೆಲ್ಲ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಎಂಬ ಸಂಗತಿ ಪಠ್ಯಪುಸ್ತಕದಲ್ಲಿಲ್ಲ. ಆತ ನನ್ನ ಅವ್ವನ ತಮ್ಮ, ಶಿವಲಿಂಗಪ್ಪ ಮಾವ. ಹೊಟ್ಟೆಪಾಡಿಗೆ ಕಂಡಕ್ಟರ್, ಹುಚ್ಚಿಗೆ ನಟ. ಹವ್ಯಾಸಿ ನಾಟಕಗಳಲ್ಲಿ ಆಯುಷ್ಯದ ಬಹುಭಾಗ ಆತ ಮಾಡಿದ್ದು ಇಂಗ್ಲಿಷ್ ದೊರೆಯ ಪಾತ್ರ. ಒಂದು ನಾಟಕದಲ್ಲಿ ಕಲೆಕ್ಟರ್, ಇನ್ನೊಂದರಲ್ಲಿ ಪೊಲೀಸ್ ಸಾಹೇಬ, ಮತ್ತೊಂದರಲ್ಲಿ ಜೇಲರ್. ನಾಟಕ ಬದಲಾದರೂ ಹ್ಯಾಟು ಬದಲಾಗಲಿಲ್ಲ.

ನಮ್ಮ ಸೀಮೆಯಲ್ಲಿ ಸ್ವಾತಂತ್ರ್ಯದ ನಾಟಕಗಳಿಗೆ ಎಂದೂ ಕೊರತೆಯಿಲ್ಲ. ಅದರಲ್ಲೂ ಮೋಟೆಬೆನ್ನೂರಿನ ಕಡೆ ಚಳವಳಿಯ ಮಾತು ಇನ್ನೂ ಮನೆಯ ಮಾತು. ಸ್ವಾತಂತ್ರ್ಯದ ನಾಟಕವೆಂದ ಮೇಲೆ ದೊರೆಯೊಬ್ಬ ಬೇಕೇ ಬೇಕು. ನಾಯಕನಾಗುತ್ತೇನೆ ಎಂದು ಊರಲ್ಲಿ ಹತ್ತು ಜನ ಮುಂದೆ ಬರುತ್ತಾರೆ. ದೊರೆಯಾಗುತ್ತೇನೆ ಎಂದು ಯಾರು ಬರುತ್ತಾರೆ ಹೇಳಿ. ಬೈಸಿಕೊಳ್ಳುವ ಕೆಲಸ ಅದು.

ಮಾವನೂ ತಾನಾಗಿ ಹೋಗಲಿಲ್ಲ. ಬೂಟು ಅವನನ್ನು ಎಳೆದುಕೊಂಡು ಹೋಯಿತು. ಬ್ಯಾಡಗಿಯ ಹವ್ಯಾಸಿಗಳ ಗುಂಪಿಗೆ ನಿವೃತ್ತ ಹವಾಲ್ದಾರರೊಬ್ಬರು ತಮ್ಮ ಬೂಟು ಕೊಟ್ಟಿದ್ದರಂತೆ. ಹವಾಲ್ದಾರರು ಆಳೆತ್ತರದ ಮನುಷ್ಯ, ಬೂಟೂ ಅದಕ್ಕೆ ತಕ್ಕ ಹಾಗೆ. ಗುಂಪಿನವರೆಲ್ಲ ಒಬ್ಬೊಬ್ಬರಾಗಿ ಕಾಲು ತೂರಿಸಿ ನೋಡಿದರು. ಮೆಣಸಿನಕಾಯಿ ದಲಾಲಿ ಅಂಗಡಿಯ ಬಸಣ್ಣ, ಅವನೇ ಮುಂದೆ ನಮ್ಮೂರಿನ ಕಾಯಂ ನಾಯಕನಟ, ಅವನ ಕಾಲು ಅದರೊಳಗೆ ಕಳೆದುಹೋಯಿತು. ಮಾವ ಅಲ್ಲಿಗೆ ಹೋದದ್ದು ತಾಲೀಮು ನೋಡಲು. ಅವನ ಕಾಲಿಗೆ ಬೂಟು ಸರಿಯಾಗಿ ಕೂತಿತು. ಅಲ್ಲಿಗೆ ಅವನ ಹಣೆಬರಹ ಕಾಲಿನಿಂದ ನಿರ್ಧಾರವಾಯಿತು. ಹ್ಯಾಟನ್ನು ಆಮೇಲೆ ಯಾರೋ ಎಂಜಿನಿಯರರ ಮನೆಯ ಅಟ್ಟದಿಂದ ಬೇಡಿ ತಂದರು.

ತಾಲೀಮು ನಡೆಯುತ್ತಿದ್ದದ್ದು ಮೆಣಸಿನಕಾಯಿ ಗೋದಾಮಿನಲ್ಲಿ. ಸೀಜನ್ ಮುಗಿದು ಚೀಲವೆಲ್ಲ ಸಾಗಿದ ಮೇಲೆ ಗೋದಾಮು ಖಾಲಿ. ಖಾಲಿ ಎಂದರೆ ಹೆಸರಿಗೆ, ಘಾಟು ಎಲ್ಲಿಗೆ ಹೋಗುತ್ತದೆ? ಅಲ್ಲಿ ಅಳುವ ದೃಶ್ಯಗಳಿಗೆ ಯಾರೂ ಕಷ್ಟಪಡಬೇಕಾಗಿರಲಿಲ್ಲ. ಕಷ್ಟವೆಲ್ಲ ನಗುವವರಿಗೆ. ಬಸಣ್ಣ ಎದೆ ತಟ್ಟಿ ಪ್ರತಿಜ್ಞೆ ಮಾಡುವ ಹೊತ್ತಿಗೆ ಸರಿಯಾಗಿ ಸೀನು ಬರುತ್ತಿತ್ತು. ಮಾವ ಮಾತ್ರ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಸೊಂಟದ ಮೇಲೆ ಕೈಯಿಟ್ಟು ಕಲ್ಲಿನ ಹಾಗೆ ನಿಲ್ಲುತ್ತಿದ್ದ. ದೊರೆ ಅತ್ತರೆ ರಾಜ್ಯ ಹೋಗುತ್ತದೆ ಎಂದು ಅವನ ಗಟ್ಟಿ ನಂಬಿಕೆ.

ಒಂದು ತೊಡಕಿತ್ತು. ಮಾವನ ಬಣ್ಣ ರೊಟ್ಟಿ ಹೆಂಚಿನದು. ಅವನನ್ನು ಇಂಗ್ಲೆಂಡಿನವನನ್ನಾಗಿ ಮಾಡುವ ಹೊಣೆ ಬಣ್ಣದ ಮೌನೇಶಪ್ಪನದು. ಈ ಮೌನೇಶಪ್ಪನಷ್ಟು ಜಿಪುಣ ಕಲಾವಿದ ಇನ್ನೊಬ್ಬನಿರಲಿಕ್ಕಿಲ್ಲ. ಬಿಳಿ ಬಣ್ಣಕ್ಕೆ ಚೂರು ಕೆಂಪು ಬೆರೆಸಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಮೊದಲು ಮಾವನ ತಲೆಗೆ ಹ್ಯಾಟು ಇಡುತ್ತಿದ್ದ. ಆಮೇಲೆ ಹ್ಯಾಟಿನ ಅಂಚಿನಿಂದ ಕೆಳಗೆ ಮಾತ್ರ ಬಣ್ಣ. "ಕಾಣದ ಜಾಗಕ್ಕ ಯಾಕ ಹಚ್ಚಬೇಕು?" ಎನ್ನುವುದು ಅವನ ತರ್ಕ. ಹೀಗಾಗಿ ಮಾವ ಹುಬ್ಬಿನ ಕೆಳಗೆ ಇಂಗ್ಲೆಂಡು, ಹುಬ್ಬಿನ ಮೇಲೆ ಬ್ಯಾಡಗಿ. ಇನ್ನೂ ಒಂದು ವಿಶೇಷ. ಬಣ್ಣಕ್ಕೆ ಕೂರುವ ಮೊದಲು ಮಾವ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಳ್ಳುತ್ತಿದ್ದ. ವಿಭೂತಿಯಿಲ್ಲದೆ ಮನೆಯ ಹೊಸ್ತಿಲು ದಾಟಿದವನಲ್ಲ, ಬ್ರಿಟಿಷನಾದ ಮಾತ್ರಕ್ಕೆ ಬಿಡಲಾದೀತೇ? ಆ ಹಣೆ ಹ್ಯಾಟಿನೊಳಗೇ ಇರುತ್ತಿತ್ತು. ರಂಗದ ಮೇಲೆ ಹ್ಯಾಟು ತೆಗೆಯುವ ಮಾತೇ ಇರಲಿಲ್ಲ. ಒಮ್ಮೆ ನಾಟಕದಲ್ಲಿ ದೊರೆ ಸತ್ತು ಬೀಳಬೇಕಾಗಿತ್ತು. ಮಾವ ಎರಡೂ ಕೈಯಲ್ಲಿ ಹ್ಯಾಟನ್ನು ಒತ್ತಿ ಹಿಡಿದುಕೊಂಡು ಸತ್ತ.

ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿ ನಿಮಗೆ ಗೊತ್ತೇ ಇದೆ. ನಾನು ಸಣ್ಣವಳಿದ್ದಾಗ ಬಂಧುಬಳಗದವರಿಗೆಲ್ಲ ಅದೊಂದು ಚೇಷ್ಟೆ. "ಗಿರಿಜವ್ವ, ನಿನ್ನ ಗಂಡ ಬಂದ ನೋಡ," ಎಂದು ಮಾವನನ್ನು ತೋರಿಸುವುದು. ಉಳಿದ ಹುಡುಗಿಯರು ನಾಚಿಕೊಂಡು ಓಡುತ್ತಿದ್ದರು. ನಾನು ನೆಲದ ಮೇಲೆ ಹೊರಳಾಡಿ ಅತ್ತು ಹೇಳಿದ್ದೆನಂತೆ, "ನನ್ನ ಬ್ರಿಟಿಷರಿಗೆ ಕೊಡಬ್ಯಾಡ್ರಿ." ಮುಂದೆ ಮಾವ ರಾಣೆಬೆನ್ನೂರಿನ ಗಂಗಕ್ಕನನ್ನು ಮದುವೆಯಾದ. ಗಂಗಕ್ಕತ್ತಿ ಇಂದಿಗೂ ನನ್ನ ಕಂಡರೆ, "ನೀ ಅತ್ತು ಪಾರಾದಿ, ನಾ ಸಿಕ್ಕೊಂಡೆ," ಎನ್ನುತ್ತಾಳೆ.

ಕಂಡಕ್ಟರ್ ಕೆಲಸ ಮಾವನ ನಟನೆಗೆ ಒದಗಿದ್ದು ಹೇಗೆಂದು ಹೇಳಬೇಕು. ಎರಡೂ ಕಡೆ ಖಾಕಿ, ಎರಡೂ ಕಡೆ ಜನರನ್ನು ದಬಾಯಿಸುವುದು. ಕಷ್ಟವಾದದ್ದು ಇಂಗ್ಲಿಷು. ನಾಟಕ ಬರೆದವರು ದೊರೆಯ ಮಾತಿನ ಜಾಗದಲ್ಲಿ "ಇಂಗ್ಲಿಷಿನಲ್ಲಿ ಸಿಟ್ಟಾಗುವನು" ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಮಾವನಿಗೆ ಬರುತ್ತಿದ್ದ ಇಂಗ್ಲಿಷೆಲ್ಲ ಬಸ್ಸಿನದು. ಹಲಗೇರಿಯ ನಾಟಕದಲ್ಲಿ ಸಿಪಾಯಿಗಳು ನಾಯಕನನ್ನು ಸುತ್ತುವರಿದಾಗ ಮಾವ ಕೈಯೆತ್ತಿ "ಹೋಲ್ಡಾನ್!" ಎಂದು ಗುಡುಗಿದ. ಸಿಪಾಯಿಗಳು ನಿಂತರು. ಆಮೇಲೆ ಬಂಧಿಸಲು ಅಪ್ಪಣೆ ಕೊಡಬೇಕಲ್ಲ, "ರೈಟ್, ರೈಟ್," ಎಂದ. ಕೂತಿದ್ದವರಲ್ಲಿ ಅರ್ಧ ಜನ ದಿನವೂ ಅವನ ಬಸ್ಸಿನಲ್ಲೇ ಓಡಾಡುವವರು. ಆ ನಗು ಎಷ್ಟು ಹೊತ್ತಿಗೆ ನಿಂತಿತೋ ತಿಳಿಯದು. ಮರುದಿನ ಬಸ್ಸಿನಲ್ಲಿ ಮುದುಕನೊಬ್ಬ ಕೈಮುಗಿದು, "ದೊರಿಗಳ, ಹಲಗೇರಿಗೆ ಒಂದು ಕೊಡ್ರಿ. ಜೇಲಿಗೆ ಬ್ಯಾಡ," ಎಂದನಂತೆ. ಮಾವ ಗಂಭೀರವಾಗಿ ಟಿಕೆಟ್ ಕೊಟ್ಟ.

ಆದರೆ ಜನ ನಕ್ಕದ್ದಕ್ಕಿಂತ ಬೈದದ್ದೇ ಹೆಚ್ಚು, ಮಾವನಿಗೆ ಬೇಕಾಗಿದ್ದದ್ದೂ ಅದೇ. ಮೋಟೆಬೆನ್ನೂರಿನಲ್ಲಿ ಅವನ ಮೊದಲ ನಾಟಕ ನಡೆದಾಗ ನಾನು ಸಣ್ಣ ಹುಡುಗಿ, ಅವ್ವನ ಜೊತೆ ಹೋಗಿದ್ದೆ. ನಾಟಕ ಮುಗಿದಾಗ ಬೆಳಕು ಹರಿದಿತ್ತು. ನಟರಿಗೆಲ್ಲ ಊರಿನ ಒಂದು ಮನೆಯಲ್ಲಿ ಊಟ. ಪಡಸಾಲೆಯಲ್ಲಿ ಸಾಲಾಗಿ ಕೂತರು. ಆ ಮನೆಯ ಸೊಸೆ, ಹೆಸರು ನಾಗಮ್ಮ, ರೊಟ್ಟಿಯ ಬುಟ್ಟಿ ಹಿಡಿದು ಬಂದಳು. ಬಸಣ್ಣನಿಗೆ ರೊಟ್ಟಿಯ ಮೇಲೆ ಬೆಣ್ಣೆ. ಸಿಪಾಯಿಗಳಿಗೂ ರೊಟ್ಟಿ. ಮಾವನ ಮುಂದೆ ಬಂದಾಗ ಬುಟ್ಟಿ ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು.

"ಈ ಭಾಡ್ಯಾಗ ನಾ ನೀಡಂಗಿಲ್ಲ," ಎಂದಳು. "ನಮ್ಮ ಮಾವನವ್ರನ್ನ ಜೇಲಿಗೆ ಹಾಕಿದ ಮಂದಿ ಇವ್ರು."

ಎಲ್ಲರೂ ತಿಳಿಹೇಳಿದರು, ಇವನು ಬ್ಯಾಡಗಿಯ ಕಂಡಕ್ಟರ್, ನಮ್ಮವನೇ ಎಂದು. ನಾಗಮ್ಮ ಜಗ್ಗಲಿಲ್ಲ. ಮುಖದ ಮೇಲಿನ ಬಣ್ಣ ಇನ್ನೂ ಹಸಿಯಿತ್ತು, ಅವಳ ಸಿಟ್ಟೂ ಹಸಿಯಿತ್ತು. ಬಸ್ಸಿನ ಹೊತ್ತಾಯಿತೆಂದು ಮಾವ ಯಾರೋ ತಂದಿಟ್ಟ ಅವಲಕ್ಕಿಯನ್ನೂ ಮುಟ್ಟದೆ ಎದ್ದ. ದಾರಿಯುದ್ದಕ್ಕೂ ಅವನ ಮುಖದಲ್ಲಿ ಏನು ಖುಷಿ ಅಂತೀರಿ. ಅವ್ವ ಗದರಿದಳು, "ಹಸಗೊಂಡ ಬಂದೀದಿ, ನಗಾಕತ್ತೀದಲ್ಲೋ." ಮಾವ ಹೇಳಿದ, "ಅಕ್ಕಾ, ರೊಟ್ಟಿ ನಾಳೆ ಸಿಗತೈತಿ. ಹಿಂಗ ಬೈಯೋರು ಸಿಗಂಗಿಲ್ಲ."

ಹೀಗೆ ಅಂದವನಿಗೂ ಒಳಗೊಳಗೆ ಒಂದು ಆಸೆಯಿತ್ತು. ಅದು ಆಯೇರಿಯ ಆಸೆ. ಬೇರೆ ಸೀಮೆಯವರಿಗಾಗಿ ಹೇಳುತ್ತೇನೆ, ನಮ್ಮ ಕಡೆ ಮದುವೆಗೆ ಹೋದಾಗ ಕೊಡುವ ಉಡುಗೊರೆಗೆ ಆಯೇರಿ ಎನ್ನುತ್ತೇವೆ. ಹವ್ಯಾಸಿ ನಾಟಕಗಳಲ್ಲೂ ಅದು ಉಂಟು. ನಾಟಕ ಭರದಿಂದ ನಡೆದಿರುವಾಗಲೇ ಮೆಚ್ಚಿದವರು ತಟ್ಟೆ ಹಿಡಿದು ರಂಗದ ಮೇಲೆ ಹತ್ತುತ್ತಾರೆ. ಟಾವೆಲ್ಲು, ತೆಂಗಿನಕಾಯಿ, ಅಂಗಿಯ ಬಟ್ಟೆ. ಆಗ ನಾಟಕ ನಿಲ್ಲುತ್ತದೆ. ಮೈಕಿನಲ್ಲಿ ಕೊಟ್ಟವರ ಹೆಸರು ಹೇಳುತ್ತಾರೆ, ನಟ ಬಗ್ಗಿ ನಮಸ್ಕರಿಸುತ್ತಾನೆ, ಅವರು ಇಳಿಯುತ್ತಾರೆ, ನಾಟಕ ನಿಂತಲ್ಲಿಂದ ಮುಂದುವರಿಯುತ್ತದೆ. ಬಸಣ್ಣ ಕೈಕೋಳ ಹಾಕಿಸಿಕೊಂಡೇ ಎಷ್ಟೋ ಶಾಲು ಹೊದಿಸಿಕೊಂಡಿದ್ದಾನೆ. ಆತನ ಕೈ ಕಟ್ಟಿರುವುದರಿಂದ ತೆಂಗಿನಕಾಯಿ ಹಿಡಿದುಕೊಳ್ಳುವವನು ಪಕ್ಕದಲ್ಲಿದ್ದ ದೊರೆ.

ದೊರೆಗೆ ಆಯೇರಿ ಕೊಟ್ಟವರು ಯಾರೂ ಇಲ್ಲ. ಅವನ ಹೆತ್ತ ತಾಯಿ, ನಮ್ಮ ಆಯಿ, ಒಮ್ಮೆ ಹೊಸ ಧೋತರ ತಟ್ಟೆಯಲ್ಲಿಟ್ಟುಕೊಂಡು ರಂಗ ಹತ್ತಿದಳು. ಮಾವ ಎದೆ ಸೆಟೆಸಿದ. ಆಯಿ ಅವನನ್ನು ದಾಟಿ ಹೋಗಿ ಬಸಣ್ಣನಿಗೆ ಕೊಟ್ಟಳು. ಮನೆಗೆ ಬಂದ ಮೇಲೆ ಕೇಳಿದರೆ, "ಆ ಹುಡುಗನ್ನ ಅಷ್ಟ ಹೊಡಿಸಿದೆಲ್ಲ, ನಿನಗ ಹೆಂಗ ಕೊಡಬೇಕೋ?" ಎಂದಳು.

ಮಾವ ಎಂದೂ ಯಾರ ಮುಂದೆಯೂ ಇದನ್ನು ಹೇಳಿಕೊಂಡವನಲ್ಲ. ನನ್ನ ಮುಂದೆ ಒಮ್ಮೆ ಹೇಳಿದ. ಅವನು ನಿವೃತ್ತನಾದ ಹೊಸತು, ಹಿತ್ತಿಲಲ್ಲಿ ಕೂತು ಬೂಟಿಗೆ ಎಣ್ಣೆ ಸವರುತ್ತಿದ್ದ.

"ಒಂದು ಟಾವೆಲ್ಲು, ಒಂದು ತೆಂಗಿನಕಾಯಿ. ಅಷ್ಟ ನೋಡ ಗಿರಿಜಾ. ಆದ್ರ ಈ ವೇಷದಾಗ ಇದ್ದಾಗ ಬರಬೇಕು."

"ಅದಕ್ಕೇನು ಮಾವ, ನಾನ ಕೊಡ್ತೇನಿ ಬಿಡು."

"ಮನಿಯವ್ರು ಕೊಟ್ಟದ್ದು ಆಯೇರಿ ಅಲ್ಲವ್ವ. ಬೈದ ಮಂದಿ ಕೊಡಬೇಕು."

ಬೇರೆ ಪಾತ್ರ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಾಡಿದ. ಒಮ್ಮೆ ಗುಂಪಿನವರ ಕಾಲು ಹಿಡಿದು ನಾಯಕನ ತಂದೆಯ ಪಾತ್ರ ಗಿಟ್ಟಿಸಿಕೊಂಡ. ಧೋತರ, ರುಮಾಲು, ಕೈಯಲ್ಲಿ ಬಡಿಗೆ, ನೋಡಲು ಚೆನ್ನಾಗಿಯೇ ಇದ್ದ. ಮಗ ಮನೆಬಿಟ್ಟು ಹೊರಟಾಗ ಕಣ್ಣೀರಿಡಬೇಕು. ಮಾವ ಅಭ್ಯಾಸಬಲದಿಂದ ಸೊಂಟದ ಮೇಲೆ ಕೈಯಿಟ್ಟು, ಗದ್ದ ಮೇಲೆತ್ತಿ, ದೊರೆಯ ಮುರುಕು ಕನ್ನಡದಲ್ಲಿ "ಮಗಾನೆ, ಟುಮ್ ಎಲ್ಲಿ ಹೋಗ್ತಾನೆ?" ಎಂದುಬಿಟ್ಟ. ನಾಯಕನ ತಾಯಿಯಾಗಿದ್ದ ನಟಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಮರುವಾರವೇ ಹ್ಯಾಟು ಮರಳಿ ತಲೆಗೇರಿತು.

ಸಿನಿಮಾದಲ್ಲೂ ಅವನು ಇದ್ದಾನೆ. ಮೇಡ್ಲೇರಿಯ ಹತ್ತಿರ ಹೊಳೆ ದಂಡೆಯಲ್ಲಿ ಯಾವುದೋ ಚಿತ್ರದ ಶೂಟಿಂಗ್ ನಡೆಯಿತು. ದೊರೆಯ ಪಾತ್ರವಿದೆ ಎಂದು ಸುದ್ದಿ ಸಿಕ್ಕಿದ್ದೇ ತಡ, ಮಾವ ಹ್ಯಾಟು ಬೂಟುಗಳ ಸಮೇತ ಹಾಜರಾದ. ನಿರ್ದೇಶಕರು ಅವನನ್ನು ಮೇಲಿಂದ ಕೆಳಗೆ ನೋಡಿ, "ಯಜಮಾನ್ರೇ, ನಮಗೆ ಒರಿಜಿನಲ್ಲೇ ಸಿಕ್ಕಿದಾರೆ," ಎಂದರು. ನಿಜಕ್ಕೂ ಅಲ್ಲೊಬ್ಬ ಬಿಳಿಯ ಹುಡುಗನಿದ್ದ. ಹಂಪಿ ನೋಡಲು ಬಂದವನನ್ನು ಹಿಡಿದು ತಂದಿದ್ದರು. ತುಂಬಾ ಒಳ್ಳೆಯ ಹುಡುಗ, ಅದೇ ಫಜೀತಿ. ರೈತನನ್ನು ಗದರಿಸು ಎಂದರೆ ನಗುತ್ತಿದ್ದ, ಗದರಿಸಿ ಆದ ಮೇಲೆ ರೈತನ ಹತ್ತಿರ ಹೋಗಿ ಕೈಮುಗಿದು ಕ್ಷಮೆ ಕೇಳುತ್ತಿದ್ದ. ಬಿಸಿಲೇರಿತು, ನಿರ್ದೇಶಕರ ತಲೆಯೂ ಬಿಸಿಯಾಯಿತು. ಕೊನೆಗೆ ಮಾವ ತಡೆಯಲಾರದೆ ಹುಡುಗನ ಮುಂದೆ ನಿಂತು ನಡೆದು ತೋರಿಸಿದ. ಗದ್ದ ಮೇಲೆ, ಕೈ ಸೊಂಟದ ಮೇಲೆ, ನೆಲವೆಲ್ಲ ತನ್ನಪ್ಪನದು ಎಂಬ ಹಾಗೆ ಬೂಟು ಊರುವುದು. ಹುಡುಗ ಕಣ್ಣರಳಿಸಿ ನೋಡಿ ಹಾಗೆಯೇ ನಡೆದ. ಹೀಗೆ ಇಂಗ್ಲಿಷಿನವನ ಹಾಗೆ ನಡೆಯುವುದನ್ನು ಬ್ಯಾಡಗಿಯವನು ಬಿಳಿಯನಿಗೆ ಕಲಿಸಿದಂತಾಯಿತು. ಮಾವನಿಗೆ ಸಿಕ್ಕದ್ದು ಗದರಿಸಿಕೊಳ್ಳುವ ರೈತನ ಪಾತ್ರ, ಅದೂ ಕ್ಯಾಮೆರಾಕ್ಕೆ ಬೆನ್ನು ಮಾಡಿ.

ರಾಣೆಬೆನ್ನೂರಿನ ಟಾಕೀಸಿಗೆ ಮನೆಮಂದಿಯೆಲ್ಲ ಹೋದೆವು. ಬೆನ್ನು ಬಂತು, ಹೋಯಿತು. ಗಂಗಕ್ಕತ್ತಿ ಮಾತ್ರ ಎದ್ದು ನಿಂತು, "ಅಕಾ, ಆ ಬೆನ್ನು ನಮ್ಮನಿಯವ್ರದು," ಎಂದು ಹಿಂದಿನ ಸಾಲಿನವರಿಗೆ ತೋರಿಸಿದಳು. ಆಮೇಲೆ ಬಿಳಿಯ ಹುಡುಗ ನಡೆದು ಬಂದ. ಟಾಕೀಸಿನ ಕತ್ತಲಲ್ಲಿ ಯಾರೋ ಕೂಗಿದರು, "ಏ, ಇದು ಕಂಡಕ್ಟರ್ ಶಿವಲಿಂಗಪ್ಪನ ನಡಿಗಿ ಅಲ್ಲೇನೋ?" ಕತ್ತಲಲ್ಲೂ ಮಾವನ ಹಲ್ಲು ಕಂಡವು.

ಹೋದ ವರ್ಷ ಮಾವನ ಮೊಣಕಾಲು ಕೈಕೊಟ್ಟಿತು. ಬೂಟು ಹಾಕಿಕೊಂಡು ಮೆಟ್ಟಿಲು ಹತ್ತುವುದು ಆಗುತ್ತಿರಲಿಲ್ಲ. ಮೋಟೆಬೆನ್ನೂರಿನವರು ಆಗಸ್ಟ್ ಹದಿನೈದರ ಸಂಜೆಗೆ ನಾಟಕ ಆಡಿರಿ ಎಂದು ಕರೆದಾಗ ಮಾವ, "ಇದ ಕಡೀದು," ಎಂದು ಹೇಳಿಬಿಟ್ಟ. ನಾನು ಗಂಗಕ್ಕತ್ತಿಯ ಹತ್ತಿರ ಗುಟ್ಟಾಗಿ ಮಾತಾಡಿದೆ. ಯಾರ ಕೈಯಲ್ಲಾದರೂ ಒಂದು ಟಾವೆಲ್ಲು ಕೊಡಿಸಿಬಿಡೋಣ, ಅವನಿಗೇನು ಗೊತ್ತಾಗುತ್ತದೆ ಎಂದೆ. ಅತ್ತಿ ಗೋಣು ಅಲ್ಲಾಡಿಸಿದಳು. "ಅವ್ರು ಕಂಡಕ್ಟರ್ ಇದ್ದವ್ರವ್ವ. ಖೊಟ್ಟಿ ಯಾವುದು, ಖರೇ ಯಾವುದು ಅಂತ ಕೈಯಾಗ ಹಿಡದಕೂಡ್ಲೆ ಗೊತ್ತಾಗತೈತಿ." ನಾವು ಬರಿಗೈಲೇ ಹೋದೆವು. ಆ ದಿನ ನನ್ನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಇಷ್ಟು ವರ್ಷ ಬೈಸಿಕೊಂಡ ಮನುಷ್ಯ ಒಂದು ತೆಂಗಿನಕಾಯಿಯೂ ಇಲ್ಲದೆ ಬಣ್ಣ ಒರೆಸಿಕೊಳ್ಳುವಂತಾಗದಿರಲಿ ಎಂಬುದೊಂದೇ.

ಈಗ ನಾಟಕಗಳು ಬೆಳತನಕ ನಡೆಯುವುದಿಲ್ಲ. ಸಂಜೆ ಶುರುವಾಗಿ ಊಟದ ಹೊತ್ತಿಗೆ ಮುಗಿಯುತ್ತವೆ. ಹೊರಗೆ ಜಿಟಿಜಿಟಿ ಮಳೆ, ಸಮುದಾಯ ಭವನದ ತುಂಬ ಜನ. ಬಸಣ್ಣನಿಗೆ ವಯಸ್ಸಾಗಿ ಅವನ ಮಗ ಪ್ರಕಾಶ ಈಗ ನಾಯಕ. ಅಪ್ಪನಿಗೆ ಕೈಕೋಳ ತೊಡಿಸಿದ ದೊರೆಯೇ ಈಗ ಮಗನಿಗೂ ತೊಡಿಸಿದ. ಪ್ರಕಾಶನಿಗೆ ಆಯೇರಿಯ ಮೇಲೆ ಆಯೇರಿ. ಮೈಕು ಹಿಡಿದ ಮಾಸ್ತರರಿಗೆ ಹೆಸರು ಓದಿ ಓದಿ ಗಂಟಲು ಕಟ್ಟಿತು. ಮಾವ ಎಡಗೈಯಲ್ಲಿ ಅವನ ತೆಂಗಿನಕಾಯಿಗಳನ್ನು ಅಪ್ಪಿಕೊಂಡು, ಬಲಗೈ ಸೊಂಟದ ಮೇಲಿಟ್ಟು ನಿಂತಿದ್ದ. ನಾಟಕ ಕೊನೆಯ ದೃಶ್ಯಕ್ಕೆ ಬಂತು. ನಾಯಕನನ್ನು ಜೇಲಿಗೆ ಎಳೆದೊಯ್ಯಲು ದೊರೆ ಅಪ್ಪಣೆ ಕೊಡಬೇಕು, ಅಷ್ಟೇ ಉಳಿದದ್ದು. ನಾನು ಆಸೆ ಬಿಟ್ಟೆ.

ಆಗ ಮೊದಲ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ಕೈಯಲ್ಲಿ ತಟ್ಟೆ. ಮೊಮ್ಮಗಳ ತೋಳು ಹಿಡಿದು ನಿಧಾನವಾಗಿ ರಂಗ ಹತ್ತಿದಳು. ಪ್ರಕಾಶ ನಮಸ್ಕಾರಕ್ಕೆ ಬಗ್ಗಿದ. ಮುದುಕಿ ಅವನಿಗೆ, "ನಿನಗಲ್ಲಪಾ, ಸರಿ ಅತ್ಲಾಗ," ಎಂದು ಹೇಳಿ ದೊರೆಯ ಮುಂದೆ ಬಂದು ನಿಂತಳು. ಮಾಸ್ತರರು ಮೈಕನ್ನು ಅವಳ ಬಾಯಿಗೇ ಹಿಡಿದರು.

"ನಾ ಈ ಊರಾಕಿ, ನಾಗಮ್ಮ," ಎಂದಳು. "ನಮ್ಮ ಮಾವನವ್ರು ಚಳವಳ್ಯಾಗ ಜೇಲಿಗೆ ಹೋಗಿ ಬಂದವ್ರು. ಹಿಂದ ಈ ದೊರಿ ನಮ್ಮೂರಿಗೆ ಬಂದಾಗ ನಾ ಇವಗ ರೊಟ್ಟಿ ನೀಡಿದ್ದಿಲ್ಲ. ಪಾತ್ರ ಅಷ್ಟ ಚಲೋ ಮಾಡಿದ್ದ, ನನಗ ಸಿಟ್ಟು ತಡಿಯಾಕಾಗಲಿಲ್ಲ. ಆದ್ರ ಮನಿಗೆ ಬಂದಾಂವ ಹಸಗೊಂಡ ಹ್ವಾದ. ಅದು ನನ್ನ ಎದಿಯಾಗ ಉಳದಬಿಟ್ಟೈತಿ. ಅದಕ್ಕ ಇವತ್ತ ರುಮಾಲು ತಂದೇನಿ."

ನನ್ನ ಪಕ್ಕದಲ್ಲಿದ್ದ ಗಂಗಕ್ಕತ್ತಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿದ ಗುರುತು ಮೂಡಿತು. ರುಮಾಲು. ಟಾವೆಲ್ಲಾಗಿದ್ದರೆ ಹೆಗಲಿಗೆ ಹಾಕಿಸಿಕೊಳ್ಳಬಹುದಿತ್ತು. ರುಮಾಲನ್ನು ತಲೆಗೇ ಸುತ್ತಬೇಕು. ತಲೆಯ ಮೇಲೆ ಹ್ಯಾಟು, ಹ್ಯಾಟಿನೊಳಗೆ ಬ್ಯಾಡಗಿ. ಮೌನೇಶಪ್ಪ ಪರದೆಯ ಸಂದಿಯಿಂದ ಎರಡೂ ಕೈಯಾಡಿಸಿ ಬೇಡ ಬೇಡ ಎನ್ನುತ್ತಿದ್ದ.

"ದೊರೆಗಳು ದಯಮಾಡಿ ಟೋಪಿ ತೆಗೆಯಬೇಕು," ಎಂದರು ಮಾಸ್ತರರು ಮೈಕಿನಲ್ಲಿ.

ಮಾವ ತೆಂಗಿನಕಾಯಿಗಳನ್ನು ಸಿಪಾಯಿಯ ಕೈಗೆ ಕೊಟ್ಟ. ಗದ್ದದ ಪಟ್ಟಿ ಬಿಚ್ಚಿದ. ಸತ್ತು ಬೀಳುವಾಗಲೂ ಬಿಡದ ಹ್ಯಾಟನ್ನು ಎರಡೂ ಕೈಯಲ್ಲಿ ಎತ್ತಿ ತೆಗೆದ. ಕೆಳಗೆ ಬೆಣ್ಣೆಯಂಥ ಮುಖ, ಮೇಲೆ ಹೆಂಚಿನಂಥ ಹಣೆ, ಹಣೆಯ ಮೇಲೆ ಮೂರು ಗೆರೆ ವಿಭೂತಿ. ಭವನವೇ ಹಾರಿಹೋಗುವಂತೆ ಜನ ನಕ್ಕರು. ನಾಗಮ್ಮ ನಗಲಿಲ್ಲ. ಕಣ್ಣು ಕಿರಿದು ಮಾಡಿ ಹತ್ತಿರ ಹೋಗಿ ನೋಡಿ, "ಅಯ್ಯ ಶಿವನ, ಒಳಗ ವಿಭೂತಿ ಹಚಗೊಂಡಾನ," ಎಂದಳು. ಮೈಕು ಅದನ್ನು ಎಲ್ಲರಿಗೂ ಕೇಳಿಸಿತು. ನಗು ಚಪ್ಪಾಳೆಯಾಯಿತು. ಊರಿನ ಹಿರಿಯರೊಬ್ಬರು ಬಂದು ರುಮಾಲು ಸುತ್ತಿದರು. ಮಾವ ಮೊಣಕಾಲು ನೋವನ್ನೂ ಮರೆತು ಬಗ್ಗಿ ನಾಗಮ್ಮನ ಕಾಲು ಮುಟ್ಟಿದ. ನಾನು ಅತ್ತೆ. ಅಲ್ಲಿ ಮೆಣಸಿನಕಾಯಿ ಘಾಟು ಇರಲಿಲ್ಲ, ಸುಮ್ಮನೆ ಅತ್ತೆ.

ಆದರೆ ನಾಟಕ ಮುಗಿದಿರಲಿಲ್ಲವಲ್ಲ. ನಾಗಮ್ಮ ಇಳಿದು ಹೋಗಿ ಕೂತಳು. ಕೈಕೋಳದ ನಾಯಕ ತುಟಿ ಕಚ್ಚಿ ನಗು ತಡೆಯುತ್ತಿದ್ದಾನೆ, ಸಿಪಾಯಿಗಳ ಹೆಗಲು ಕುಣಿಯುತ್ತಿವೆ. ಎದುರಿಗೆ ರುಮಾಲು ಸುತ್ತಿ, ವಿಭೂತಿ ಧರಿಸಿ, ಅರ್ಧ ಬೆಳ್ಳಗಿರುವ ದೊರೆ. ಇನ್ನು ಈ ನಾಟಕವನ್ನು ದೇವರೇ ಕಾಪಾಡಬೇಕೆಂದುಕೊಂಡೆ. ಮಾವ ಹ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ರಂಗದ ಆ ತುದಿಗೆ ಹೋದ. ತಿರುಗಿದ. ಗದ್ದ ಮೇಲೆತ್ತಿ, ಕುಂಟುವ ಕಾಲನ್ನು ಕುಂಟಗೊಡದೆ, ಬೂಟನ್ನು ಒಂದೊಂದಾಗಿ ಊರುತ್ತ ನಡೆದು ಬಂದ. ಅವನು ನಡುವಿಗೆ ಬರುವಷ್ಟರಲ್ಲಿ ನಗು ನಿಂತಿತ್ತು. ಪ್ರಕಾಶನ ಮುಖವನ್ನೇ ದಿಟ್ಟಿಸಿ, ಏರುದನಿಯೂ ಇಲ್ಲದೆ ಹೇಳಿದ:

"ಈ ಮನುಷ್ಯಾನ ಎಳ್ಕೊಂಡ್ ಹೋಗು. ಅವನ ಟಾಯಿ ಅಳ್ತಾನೆ? ಅಳ್ಲಿ."

ಮೊದಲ ಸಾಲಿನಲ್ಲಿ ಯಾರೋ ದಡಕ್ಕನೆ ಎದ್ದರು. ನಾಗಮ್ಮ.

"ನಿನ್ನ ಬಾಯಾಗ ಮಣ್ಣು ಬೀಳ್ಲಿ, ಹಲ್ಕಟ್ಟ ಮಂಗ್ಯಾ," ಎಂದು ಕೂಗಿದಳು. ಮೊಮ್ಮಗಳು ಸೆರಗು ಜಗ್ಗಿ ಕೂರಿಸಲು ನೋಡಿದರೂ ಕೂರಲಿಲ್ಲ. "ಬಿಡ ನನ್ನ. ಹಡದಾಕಿ ಅಳಲಿ ಅಂತಾನಲ್ಲ ಭಾಡ್ಯಾ."

ರುಮಾಲಿನ ಕೆಳಗೆ ಮಾವನ ಕಣ್ಣು ಒಂದು ಕ್ಷಣ ನಮ್ಮ ಕಡೆ ಹೊರಳಿತು. ಪರದೆ ಬಿತ್ತು.

ನಾಗಮ್ಮ ನಮ್ಮನ್ನೆಲ್ಲ ಮನೆಗೆ ಊಟಕ್ಕೆ ಕರೆದೊಯ್ದಳು. ಅದೇ ಮನೆ, ಅದೇ ಪಡಸಾಲೆ, ನೆಲಕ್ಕೆ ಮಾತ್ರ ಹೊಸ ಟೈಲ್ಸ್. ಮಾವ ಬೂಟು ಹೊರಗೆ ಬಿಟ್ಟು, ರುಮಾಲು ಬಿಚ್ಚದೆ, ಸಾಲಿನ ಮೊದಲಿಗೇ ಹೋಗಿ ಕೂತ. ನಾಗಮ್ಮ ರೊಟ್ಟಿಯ ಬುಟ್ಟಿ ಹಿಡಿದು ಬಂದು ಅವನ ಮುಂದೆ ನಿಂತಳು. ನಿಂತೇ ಇದ್ದಳು. ನೀಡಲಿಲ್ಲ.

"ಎದ್ದ ಹೋಗಿ ಮಾರಿ ತೊಳಕೊಂಡ ಬರ್ರಿ," ಎಂದಳು ಕೊನೆಗೆ. "ಆ ಮಾರಿಗೆ ನನ್ನ ಕೈ ಏಳವಲ್ದು."

ಮಾವ ಇಷ್ಟಗಲ ನಗುತ್ತ ಎದ್ದ. ಹ್ಯಾಟನ್ನು ನನ್ನ ಮಡಿಲಿಗೆ ಹಾಕಿ ಬಚ್ಚಲಿಗೆ ಹೋದ. ಒಳಗಿಂದ ನೀರಿನ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಅಷ್ಟರಲ್ಲಿ ನಾಗಮ್ಮ ನನ್ನ ಕಡೆ ನೋಡಿ, "ಹಂಗ ಖಾಲಿದು ಹಿಡಕೊಂಡ ಯಾಕ ಕುಂತೀ ತಂಗಿ?" ಎಂದು ಜಂತಿಗೆ ಕಟ್ಟಿದ್ದ ಹೊಲದ ಬೆಳ್ಳುಳ್ಳಿ ಗೊಂಚಲು ಬಿಡಿಸಿ ಹ್ಯಾಟಿನ ತುಂಬ ಸುರಿದಳು.

ಮಾವ ಒದ್ದೆ ಮುಖ ಒರೆಸಿಕೊಳ್ಳುತ್ತ ಬಂದು ಕೂತ. ಮೇಲೂ ಕೆಳಗೂ ಈಗ ಒಂದೇ ಬಣ್ಣ. ನಾಗಮ್ಮ ಅವನ ತಟ್ಟೆಗೆ ರೊಟ್ಟಿ ಹಾಕಿ, ಬೆಣ್ಣೆ ಇಟ್ಟು, ಕೆಂಪು ಚಟ್ನಿ ಬಡಿಸಿದಳು. ಮಾವ ಒಂದು ತುತ್ತು ಮುರಿದು ಬಾಯಿಗಿಟ್ಟ. ರುಮಾಲಿನ ಸೆರಗಿನಿಂದ ಕಣ್ಣೊರೆಸಿಕೊಂಡ.

"ಖಾರ ಭಾಳ ಐತ್ರಿ," ಎಂದ.

ಬ್ಯಾಡಗಿಯವನೊಬ್ಬ ಹಾಗೆ ಅಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.